ಸೀಸೆಯೊಳಗಿನ ಸಾಕ್ಷಿ

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಿಷಯವನ್ನು ಕೇಳಿ, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಔಷಧಗಳ ಗೊಡವೆ ಏಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಆ ಆಕ್ಷೇಪಣೆ ನ್ಯಾಯವಾದುದೇ. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ನಾನೇ ಮಾಡಿದ ಒಂದು ಅನುವಾದದ ತಪ್ಪು. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತಿಗೆ ಹೋಗುವುದು ಮೇಲು.

ಕೆಲವು ವರ್ಷಗಳ ಕೆಳಗೆ ಬಯಲುಸೀಮೆಯ ಒಂದು ಊರಿನಲ್ಲಿ ನನ್ನ ಚಿಕ್ಕಪ್ಪನ ಮಗನ ಒಬ್ಬನೇ ಮಗ ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಹೋದವನು ಅರಿವಳಿಕೆಯಿಂದ ಎಚ್ಚರಗೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ. ಅದು ಮೇ ತಿಂಗಳು. ದೂರು, ಪಂಚನಾಮೆ, ಶವಪರೀಕ್ಷೆ ಎಲ್ಲವೂ ಆದವು. ರಕ್ತದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿದರು. ತಿಂಗಳುಗಟ್ಟಲೆ ಕಾದ ಮೇಲೆ ವರದಿ ಬಂತು; ಅದು ಇಂಗ್ಲಿಷಿನಲ್ಲಿತ್ತು. ತಮ್ಮ ಅದನ್ನು ನನ್ನ ಮುಂದಿಟ್ಟು, “ಅಣ್ಣಾ, ನೀನು ಓದಿದವನು. ಇದರಲ್ಲಿ ಏನು ಬರೆದಿದೆ ಹೇಳು” ಎಂದ. ಉಸಿರಿನ ಮೂಲಕ ಕೊಟ್ಟ ಅರಿವಳಿಕೆಯಾಗಲಿ, ಸ್ನಾಯುಗಳನ್ನು ಸಡಿಲಿಸಲು ಕೊಟ್ಟ ಚುಚ್ಚುಮದ್ದಾಗಲಿ ಮಾದರಿಯಲ್ಲಿ ಕಂಡುಬಂದಿಲ್ಲ ಎಂದು ಅದರಲ್ಲಿತ್ತು. ನಾನು ಹೆಚ್ಚು ಯೋಚಿಸದೆ, “ರಕ್ತದಲ್ಲಿ ಆ ಔಷಧಗಳು ಇರಲಿಲ್ಲವಂತೆ” ಎಂದುಬಿಟ್ಟೆ.

ತಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಕೊಟ್ಟೆವು ಎಂದು ವೈದ್ಯರು ಕಾಗದದಲ್ಲಿ ಬರೆದಿದ್ದಾರಲ್ಲ? ಹಾಗಾದರೆ ಆ ಬರಹವೇ ಸುಳ್ಳು” ಎಂದ. ಆ ಒಂದು ನಂಬಿಕೆಯ ಬಲದ ಮೇಲೆ ಒಂದೂವರೆ ವರ್ಷ ಅವನು ಕಚೇರಿಯಿಂದ ಕಚೇರಿಗೆ ಅಲೆದ. ಹೊಲದ ಕೆಲಸ ಹಿಂದೆ ಬಿತ್ತು. ಮನೆಯಲ್ಲಿ ಹೆಂಡತಿಯೊಡನೆ ಮಾತು ಕಡಮೆಯಾಯಿತು.

ಇದನ್ನು ನಾನು ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಹೇಳಿದ್ದು ಆಕಸ್ಮಿಕ. ಬಿ.ಎಸ್ಸಿ. ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿ, ಮುಂದೆ ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ನ್ಯಾಯವಿಜ್ಞಾನದ ಪ್ರಯೋಗಾಲಯವೊಂದರಲ್ಲಿ ಬಹುಕಾಲ ದುಡಿದವರು ಅವರು. ನನ್ನ ಮಾತನ್ನು ಪೂರ್ತಿ ಕೇಳಿ, “ಸಾರ್, ‘ಕಂಡುಬಂದಿಲ್ಲ’ ಎಂಬುದಕ್ಕೆ ‘ಇರಲಿಲ್ಲ’ ಎಂಬ ಅರ್ಥವನ್ನು ನೀವೇ ಮಾಡಿದಿರಾ?” ಎಂದರು. ಅನಂತರ ನಾಲ್ಕು ಪ್ರಶ್ನೆ ಕೇಳಿದರು. ಸೀಸೆ ತುಂಬಿತ್ತೇ? ಅದರಲ್ಲಿ ರಕ್ಷಕದ್ರವ್ಯ ಹಾಕಿದ್ದರೇ? ಎಷ್ಟು ದಿನ, ಎಲ್ಲಿ ಇಟ್ಟಿದ್ದರು? ಹೇಗೆ ಸಾಗಿಸಿದರು? ದೂರಿನ ಕಡತದಿಂದ ತಮ್ಮನಿಗೆ ತಿಳಿದಿದ್ದಷ್ಟು ನನಗೂ ಗೊತ್ತಿತ್ತು. ಅರ್ಧ ತುಂಬಿದ ಸೀಸೆ. ರಕ್ಷಕದ್ರವ್ಯದ ಸುದ್ದಿ ಎಲ್ಲಿಯೂ ಇಲ್ಲ. ನಾಲ್ಕು ದಿನ ಕೋಣೆಯ ಕಪಾಟಿನಲ್ಲಿ ವಾಸ; ಆಮೇಲೆ ಬಸ್ಸಿನಲ್ಲಿ ಒಂದು ಹಗಲಿನ ಪ್ರಯಾಣ. “ಹಾಗಾದರೆ ಆ ಸೀಸೆ ಹೇಳಬಹುದಾಗಿದ್ದ ಮಾತು ಪ್ರಯೋಗಾಲಯದ ಬಾಗಿಲಿಗೆ ಬರುವ ಮೊದಲೇ ಮುಗಿದಿತ್ತು, ಸಾರ್” ಎಂದರು ಅವರು. ಅಂದಿನಿಂದ ಅವರನ್ನು ಕೇಳಿಯೂ ಪುಸ್ತಕಗಳನ್ನು ಓದಿಯೂ ನಾನು ತಿಳಿದುಕೊಂಡದ್ದನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

‘ಅರಿವಳಿಕೆ’ ಎಂಬುದು ಅಚ್ಚಗನ್ನಡದ ಚೊಕ್ಕ ಪದ. ಅರಿವು, ಅಳಿಕೆ ಎಂಬ ಎರಡು ಮಾತುಗಳು ಕೂಡಿ ಆದದ್ದು. ಅರಿವನ್ನು ಅಳಿಸುವುದು ಎಂದು ಅರ್ಥ. ಅರಿವನ್ನು ಅಳಿಸುವ ಈ ವಸ್ತುಗಳು ತಾವೂ ಅಳಿಯುವ ಸ್ವಭಾವದವು ಎಂಬುದು ಮಾತ್ರ ಆ ಪದದಲ್ಲಿ ಕಾಣುವುದಿಲ್ಲ. ಅವುಗಳ ಚರಿತ್ರೆಯಲ್ಲಿ ಅದು ಮೊದಲಿನಿಂದಲೂ ಕಾಣುತ್ತದೆ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿದನು. ಶಸ್ತ್ರವೈದ್ಯ ಜಾನ್ ವಾರನ್ ಆ ರೋಗಿಯ ಕುತ್ತಿಗೆಯ ಗಡ್ಡೆಯನ್ನು ಕೊಯ್ದನು. ಮರುವರ್ಷವೇ ಈಥರ್ ಕಲ್ಕತ್ತೆಗೂ ಬಂತು. ಈ ಈಥರ್ 34.6 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕುದಿಯುತ್ತದೆ. ನಮ್ಮ ಮೈಯ ಶಾಖವೇ 37 ಡಿಗ್ರಿ. ರಾಯಚೂರು ಕಲಬುರಗಿಗಳಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ದಾಟುತ್ತದೆ. ಮುಚ್ಚಳ ಸಡಿಲವಾದ ಈಥರಿನ ಸೀಸೆ ಅಂಥ ಹಗಲಿನಲ್ಲಿ ಒಲೆಯಿಲ್ಲದೆಯೇ ಕುದಿದು ಬರಿದಾಗಬಲ್ಲದು. ಅಲ್ಲದೆ ಗಾಳಿ ಬೆಳಕುಗಳಿಗೆ ತೆರೆದಿಟ್ಟರೆ ಅದರಲ್ಲಿ ಪೆರಾಕ್ಸೈಡ್ ಎಂಬ ಸ್ಫೋಟಕ ಸಂಯುಕ್ತಗಳು ಮೆಲ್ಲಗೆ ಹುಟ್ಟಿಕೊಳ್ಳುತ್ತವೆ. ಅದಕ್ಕಾಗಿಯೇ ಅದನ್ನು ಕಪ್ಪುಗಂದು ಗಾಜಿನಲ್ಲಿ, ಇಲ್ಲವೆ ಒಳಮೈಗೆ ತಾಮ್ರ ಲೇಪಿಸಿದ ಡಬ್ಬಿಯಲ್ಲಿ ಇಡುವ ಪದ್ಧತಿ ಬಂದಿತು.

1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ಬಳಕೆಗೆ ತಂದನು. ಮೂರು ತಿಂಗಳು ತುಂಬುವುದರೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಸಮೀಪದಲ್ಲಿ ಹನ್ನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕಾಲುಗುರನ್ನು ತೆಗೆಯುವ ಚಿಕ್ಕ ಶಸ್ತ್ರಕ್ರಿಯೆಯ ವೇಳೆಯಲ್ಲಿ ಅದರಿಂದ ಸತ್ತಳು. ಅವಳ ಸಾವಿನ ನಿಜವಾದ ಕಾರಣದ ಚರ್ಚೆ ಇಂದಿಗೂ ಮುಗಿದಿಲ್ಲ. ಅಂಥ ಸಾವುಗಳು ಹೆಚ್ಚಿದಂತೆಲ್ಲ ವೈದ್ಯರು ಎತ್ತಿದ ಅನುಮಾನಗಳಲ್ಲಿ ಒಂದು ಔಷಧದ ಶುದ್ಧಿಯನ್ನು ಕುರಿತದ್ದು. ಕ್ಲೋರೋಫಾರಮಿನ ವಿಷಯದಲ್ಲಿ ಅದು ಬರಿಯ ನೆಪವಾಗಿರಲಿಲ್ಲ. ಬಿಸಿಲು, ಗಾಳಿಗಳು ತಾಗಿದರೆ ಕ್ಲೋರೋಫಾರಂ ಒಡೆದು ಫಾಸ್ಜೀನ್ ಆಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಸೈನಿಕರ ಮೇಲೆ ಬಿಟ್ಟ ವಿಷವಾಯು ಇದೇ. ಈ ಒಡಕನ್ನು ತಡೆಯಲು ಕ್ಲೋರೋಫಾರಮಿಗೆ ಸ್ವಲ್ಪ ಆಲ್ಕೋಹಾಲ್ ಬೆರೆಸಿ, ಬೆಳಕು ಬೀಳದ ಸೀಸೆಯಲ್ಲಿ ಭದ್ರಪಡಿಸುತ್ತಿದ್ದರು.

1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನಿಗೆ ಕಾವಲು ಕೊಟ್ಟದ್ದು ನಮ್ಮ ಅಡುಗೆಮನೆಗೆ ಪರಿಚಿತವಾದ ವಸ್ತು. ಬೆಳಕಿಗೆ ಒಡೆಯುವ ಆ ದ್ರವಕ್ಕೆ ನೂರರಲ್ಲಿ ಒಂದಂಶದ ನೂರನೆಯ ಪಾಲು, ಎಂದರೆ ಶೇಕಡಾ 0.01ರಷ್ಟು, ಥೈಮಾಲ್ ಬೆರೆಸುತ್ತಾರೆ. ಓಮಕಾಳಿಗೆ ಅದರ ಘಾಟನ್ನು ಕೊಡುವ ಸತ್ವವೇ ಥೈಮಾಲ್. ಹೊಟ್ಟೆನೋವಿನ ಮಗುವಿಗೆ ಅಜ್ಜಿ ಕುಡಿಸುತ್ತಿದ್ದ ಓಮದ ನೀರಿನ ಸಾರ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆಯನ್ನು ಕಾಯುತ್ತಿತ್ತೆಂದರೆ ಸೋಜಿಗವೇ ಸರಿ. ಇನ್ನೂ ಹತ್ತಿರದ ಉದಾಹರಣೆ ಸೆವೊಫ್ಲೂರೇನಿನದು. ಲೋಹದ ತುಕ್ಕಿನಂಥ ವಸ್ತುಗಳು ತಾಗಿದರೆ ಅದು ಒಡೆದು ಗಾಜನ್ನೂ ಕೊರೆಯುವ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. 1996ರಲ್ಲಿ ಅಂಥದೊಂದು ಪ್ರಸಂಗ ಬೆಳಕಿಗೆ ಬಂದ ಮೇಲೆ ಅದಕ್ಕೆ ಕೊಂಚ ನೀರು ಬೆರೆಸುವ ಏರ್ಪಾಡಾಯಿತು. ಒಂದು ದ್ರವಕ್ಕೆ ಆಲ್ಕೋಹಾಲ್, ಇನ್ನೊಂದಕ್ಕೆ ಓಮದ ಸತ್ವ, ಮತ್ತೊಂದಕ್ಕೆ ನೀರು: ಒಂದೊಂದು ಔಷಧಕ್ಕೂ ಅದರದೇ ಶತ್ರು, ಅದರದೇ ಕಾವಲು.

ಇದುವರೆಗೆ ಹೇಳಿದ್ದು ಮೈಯನ್ನು ಸೇರುವ ಮೊದಲು, ಔಷಧದ ಸೀಸೆಯಲ್ಲಿ ನಡೆಯುವ ಸಂಗತಿ. ಅಲ್ಲಿ ಔಷಧ ಶುದ್ಧವಾಗಿರುತ್ತದೆ, ಕಾವಲುದ್ರವ್ಯವೂ ಜೊತೆಗಿರುತ್ತದೆ. ಅದೇ ಔಷಧ ಮೈಯೊಳಗೆ ಹೋಗಿ, ರಕ್ತದಲ್ಲಿ ಬೆರೆತು, ಆ ರಕ್ತ ಪರೀಕ್ಷೆಯ ಸೀಸೆಗೆ ಬಂದಾಗ ಅದರ ಪಾಡು ಬೇರೆ. ಬೆಳಕು, ಶಾಖ, ಗಾಳಿ, ಪಾತ್ರೆ ಎಂಬ ನಾಲ್ಕು ಹಳೆಯ ಶತ್ರುಗಳ ಜೊತೆಗೆ ರಕ್ತವೇ ಐದನೆಯ ಶತ್ರುವಾಗುತ್ತದೆ. ಮೈಯಿಂದ ಹೊರಗೆ ಬಂದ ಮಾತ್ರಕ್ಕೆ ರಕ್ತ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ.

ಮೊದಲು ಆವಿಯಾಗುವ ಔಷಧಗಳ ಮಾತು. ನಮ್ಮ ಮನೆಗಳಲ್ಲಿ ಕರ್ಪೂರದ ಡಬ್ಬಿಗೆ ನಾಲ್ಕು ಮೆಣಸಿನಕಾಳು ಹಾಕಿಡುವ ರೂಢಿಯುಂಟು, ಕರ್ಪೂರ ಕರಗಿಹೋಗದಿರಲೆಂದು. ಹಬ್ಬದ ದಿನ ಡಬ್ಬಿ ತೆರೆದಾಗ ಕರ್ಪೂರ ಕಾಣದೆ, ಪರಿಮಳ ಮಾತ್ರ ಉಳಿದಿದ್ದರೆ, ‘ಈ ಡಬ್ಬಿಯಲ್ಲಿ ಕರ್ಪೂರವೇ ಇರಲಿಲ್ಲ’ ಎಂದು ಯಾವ ಗೃಹಿಣಿಯೂ ಹೇಳುವುದಿಲ್ಲ. ರಕ್ತದ ಸೀಸೆಯಲ್ಲಿ ಆಗುವುದೂ ಇದೇ. ರಕ್ತದಲ್ಲಿ ಕರಗಿರುವ ಅರಿವಳಿಕೆ ತನ್ನ ಮೇಲಿನ ಗಾಳಿಯೊಡನೆ ಸದಾ ಪಾಲು ಹಂಚಿಕೊಳ್ಳುತ್ತಿರುತ್ತದೆ. ಆ ಪಾಲಿನ ಪ್ರಮಾಣ ಒಂದೊಂದು ಔಷಧಕ್ಕೆ ಒಂದೊಂದು ಬಗೆ. ಮೈಯ ಶಾಖದಲ್ಲಿ, ಒಂದೇ ಅಳತೆಯ ರಕ್ತ ಮತ್ತು ಗಾಳಿಗಳ ನಡುವೆ, ಗಾಳಿಗೆ ಒಂದು ಪಾಲು ಸಂದರೆ ಹಳೆಯ ಈಥರ್ ರಕ್ತದಲ್ಲಿ ಸುಮಾರು 12 ಪಾಲು ಉಳಿಯುತ್ತದೆ. ಐಸೋಫ್ಲೂರೇನ್ ಉಳಿಯುವುದು 1.4 ಪಾಲು. ಡೆಸ್‌ಫ್ಲೂರೇನ್ ಬರಿಯ 0.42 ಪಾಲು.

ಇದನ್ನು ಅರ್ಧ ತುಂಬಿದ ಸೀಸೆಗೆ ಅನ್ವಯಿಸಿ ನೋಡೋಣ. ಅರ್ಧ ರಕ್ತ, ಅರ್ಧ ಗಾಳಿ. ಮುಚ್ಚಳ ಭದ್ರವಾಗಿಯೇ ಇದೆ ಎನ್ನಿ. ಮೈಯ ಶಾಖದಷ್ಟು ಬಿಸಿಯಾದ ಕೋಣೆಯಲ್ಲಿ ಈಥರಿನ ನೂರರಲ್ಲಿ 92 ಪಾಲು ರಕ್ತದಲ್ಲಿಯೇ ನಿಲ್ಲುತ್ತದೆ. ಐಸೋಫ್ಲೂರೇನ್ 58 ಪಾಲು ನಿಲ್ಲುತ್ತದೆ. ಡೆಸ್‌ಫ್ಲೂರೇನ್ ನಿಲ್ಲುವುದು 30 ಪಾಲು ಮಾತ್ರ. ಮಿಕ್ಕ 70 ಪಾಲು ಮೇಲಿನ ಗಾಳಿಗೆ ಸೇರಿರುತ್ತದೆ. ಯಾರಾದರೂ ಒಮ್ಮೆ ಮುಚ್ಚಳ ತೆರೆದರೆ ಆ ಪಾಲು ಹೊರಟುಹೋಯಿತು. ಮುಚ್ಚಿದೊಡನೆ ಉಳಿದ ರಕ್ತ ಹೊಸ ಗಾಳಿಯೊಡನೆ ಮತ್ತೆ ಪಾಲು ಹಂಚಿಕೊಳ್ಳಲು ತೊಡಗುತ್ತದೆ. ಎರಡು ಮೂರು ಸಲ ತೆರೆದು ಮುಚ್ಚುವುದರಲ್ಲಿ ಏನು ಉಳಿದೀತೆಂಬುದನ್ನು ತಾವೇ ಲೆಕ್ಕ ಹಾಕಬಹುದು. ಇಷ್ಟೇ ಅಲ್ಲದೆ ರಬ್ಬರಿನ ಬಿರಟೆಯೂ ಕಳ್ಳತನ ಮಾಡುತ್ತದೆ. ಹ್ಯಾಲೋಥೇನ್ ರಬ್ಬರಿನಲ್ಲಿ ಬಹು ಸುಲಭವಾಗಿ ಕರಗಿ ಸೇರಿಕೊಳ್ಳುವಂಥದು. ಆದಕಾರಣ ಇಂಥ ಮಾದರಿಯ ಸೀಸೆಯನ್ನು ಕಂಠದವರೆಗೆ ತುಂಬಬೇಕು, ಔಷಧವನ್ನು ಹೀರದ ಮುಚ್ಚಳ ಹಾಕಬೇಕು, ಒಡನೆಯೇ ತಂಪಿನಲ್ಲಿಡಬೇಕು. ತಂಪಾದಷ್ಟೂ ಔಷಧ ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿಯೂ ಮುಚ್ಚಳವನ್ನು ತೆರೆಯದೆ, ಸೂಜಿ ತೂರಿಸಿ, ರಕ್ತದ ಮೇಲಿನ ಆವಿಯನ್ನೇ ತೆಗೆದು ಅಳೆಯುವ ವಿಧಾನವುಂಟು.

ಎರಡನೆಯ ಗುಂಪು ರಕ್ತವೇ ಕತ್ತರಿಸಿ ಹಾಕುವ ಔಷಧಗಳದು. 1884ರಲ್ಲಿ ಕಾರ್ಲ್ ಕೋಲರ್ ಎಂಬ ತರುಣ ವೈದ್ಯ ಕೊಕೇನಿನ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ಒಂದು ಅಂಗಕ್ಕೆ ಮಾತ್ರ ಅರಿವಳಿಕೆ ಕೊಡುವ ವಿದ್ಯೆ ಅಲ್ಲಿಂದ ಬೆಳೆಯಿತು. 1905ರಲ್ಲಿ ಆಲ್ಫ್ರೆಡ್ ಐನ್‌ಹಾರ್ನನ ಪ್ರೊಕೇನ್ ಬಂದಿತು. ಇವೆರಡೂ ಎಸ್ಟರ್ ಎಂಬ ಜಾತಿಯ ರಾಸಾಯನಿಕ ಬಂಧದ ಮೇಲೆ ನಿಂತ ಔಷಧಗಳು. ನಮ್ಮ ರಕ್ತದಲ್ಲಿ ಕೋಲಿನೆಸ್ಟರೇಸ್ ಎಂಬ ಕಿಣ್ವ ಇದೆ. ಈ ಬಂಧವನ್ನು ಕತ್ತರಿಸುವುದೇ ಅದರ ಕೆಲಸ. ಜೀವಂತ ದೇಹದಲ್ಲಿ ಅದು ವರ. ಔಷಧದ ಪ್ರಭಾವ ಬೇಗ ಇಳಿಯುವುದು ಅದರಿಂದಲೇ. ಆದರೆ ಸೀಸೆಯೊಳಗೆ ಬಂದ ಮೇಲೂ ಆ ಕಿಣ್ವ ಯಾರ ಅಪ್ಪಣೆಯನ್ನೂ ಕಾಯದೆ ಕತ್ತರಿಸುತ್ತಲೇ ಇರುತ್ತದೆ. ಸಂಜೆ ತೆಗೆದ ರಕ್ತದಲ್ಲಿದ್ದ ಪ್ರಮಾಣ ಬೆಳಗ್ಗೆ ಇರುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಸೋಡಿಯಂ ಫ್ಲೋರೈಡ್ ಎಂಬ ಬಿಳಿಯ ಪುಡಿ. ಮಾದರಿಗೆ ಬೆರೆಸಿದರೆ ಅದು ಕಿಣ್ವದ ಕೈ ಕಟ್ಟಿಹಾಕುತ್ತದೆ. ಆದರೂ ಅದು ಎಲ್ಲ ರೋಗಕ್ಕೂ ಮದ್ದಲ್ಲ. ಕೊಕೇನ್ ಎರಡು ದಾರಿಯಿಂದ ಒಡೆಯುತ್ತದೆ. ಒಂದು ಕಿಣ್ವದ ದಾರಿ. ಅದನ್ನು ಫ್ಲೋರೈಡ್ ತಡೆಯಬಲ್ಲದು. ಇನ್ನೊಂದು ರಕ್ತದ ಅಲ್ಪ ಕ್ಷಾರಗುಣದಿಂದ ತಾನಾಗಿಯೇ ಒಡೆಯುವ ದಾರಿ; ಅದಕ್ಕೆ ತಂಪು ಬೇಕು, ಸ್ವಲ್ಪ ಆಮ್ಲವೂ ಬೇಕು. ಇವಕ್ಕೆ ಪ್ರತಿಯಾಗಿ, 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ರಚಿಸಿದ ಲಿಡೊಕೇನನ್ನು ನೋಡಿ. ನಮ್ಮಲ್ಲಿ ಹಲ್ಲು ಕೀಳಿಸಿಕೊಂಡವರಿಗೆಲ್ಲ ಇದರ ಪರಿಚಯವುಂಟು. ಇದು ಅಮೈಡ್ ಎಂಬ ಗಟ್ಟಿಯಾದ ಬಂಧದ್ದು. ಈ ಕಿಣ್ವ ಅದನ್ನು ಮುಟ್ಟಲಾರದು. ಅದರ ದ್ರಾವಣವನ್ನು ಒತ್ತಡದ ಹಬೆಯಲ್ಲಿ ಕಾಯಿಸಿ ಕ್ರಿಮಿಶುದ್ಧಿ ಮಾಡಿದರೂ ಅದು ಕೆಡದು. ಹೆಸರಿನ ಕೊನೆ ಒಂದೇ, ಕೆಲಸವೂ ಒಂದೇ, ಆದರೆ ಸೀಸೆಯಲ್ಲಿ ಒಂದು ಕರಗುತ್ತದೆ, ಒಂದು ನಿಲ್ಲುತ್ತದೆ. ಎರಡನ್ನೂ ಒಂದೇ ರೀತಿಯಲ್ಲಿ ಇಟ್ಟು, ಒಂದೇ ರೀತಿಯಲ್ಲಿ ವರದಿಯನ್ನು ಓದುವವನು ಎಡವುತ್ತಾನೆ.

ಮೂರನೆಯದು ತನ್ನಷ್ಟಕ್ಕೆ ತಾನೇ ಅಳಿಯುವ ಔಷಧ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸುವ ಅಟ್ರಕ್ಯೂರಿಯಂ ಅಂಥದು. ಗ್ಲಾಸ್ಗೋದ ಜಾನ್ ಸ್ಟೆನ್‌ಲೇಕ್ ಮತ್ತು ಅವರ ಸಂಗಡಿಗರು ಬೇಕೆಂದೇ ಅದನ್ನು ಹಾಗೆ ರೂಪಿಸಿದರು. ಮೂತ್ರಪಿಂಡ, ಯಕೃತ್ತುಗಳು ಕೆಟ್ಟ ರೋಗಿಯಲ್ಲಿಯೂ ಅದು ಮೈಯ ಶಾಖಕ್ಕೂ ರಕ್ತದ ಅಲ್ಪ ಕ್ಷಾರಕ್ಕೂ ತಾನಾಗಿ ಒಡೆದುಹೋಗಬೇಕೆಂಬುದು ಅವರ ಉದ್ದೇಶ. ರೋಗಿಗೆ ರಕ್ಷೆಯಾದ ಈ ಗುಣ ಮಾದರಿಗೆ ಶಾಪ. ಔಷಧದ ಸೀಸೆಯಲ್ಲಿ, 5 ಡಿಗ್ರಿಯ ತಂಪಿನಲ್ಲಿ, ಅದು ವರ್ಷಕ್ಕೆ ಶೇಕಡಾ 6ರಷ್ಟು ಸತ್ವವನ್ನು ಕಳೆದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ತಿಂಗಳಿಗೆ ಶೇಕಡಾ 5ರಷ್ಟು. ಇದು ಆಮ್ಲದ ಕಾವಲಿನಲ್ಲಿರುವ ಶುದ್ಧ ಔಷಧದ ಲೆಕ್ಕ. ರಕ್ತಕ್ಕೆ ಆ ಕಾವಲಿಲ್ಲ. ಅಲ್ಲಿ ಅದರ ಆಯಸ್ಸು ನಿಮಿಷಗಳದು. ಆದುದರಿಂದ ಅಂಥ ಮಾದರಿಗೆ ತೆಗೆದೊಡನೆಯೇ ಆಮ್ಲ ಬೆರೆಸಿ ಮಂಜುಗಡ್ಡೆಯಲ್ಲಿಡುತ್ತಾರೆ. ರೆಮಿಫೆಂಟನಿಲ್ ಎಂಬ ನೋವು ತಡೆಯುವ ಔಷಧದ ಮಾದರಿಗೂ ಸಿಟ್ರಿಕ್ ಆಮ್ಲವನ್ನು, ಎಂದರೆ ನಿಂಬೆಯ ಹುಳಿಯನ್ನು, ಬೆರೆಸುವ ಪದ್ಧತಿಯಿದೆ.

ಇನ್ನು ಪ್ರೊಪೊಫಾಲ್. ಇಂದು ರೋಗಿಯನ್ನು ನಿದ್ರೆಗೆ ಕಳುಹಿಸಲು ಹೆಚ್ಚಾಗಿ ಬಳಸುವುದು ಹಾಲಿನಂತೆ ಬೆಳ್ಳಗಿರುವ ಈ ಔಷಧವನ್ನೇ. ಇದು ಸುಲಭವಾಗಿ ಒಡೆಯದು. ಇದರ ತೊಂದರೆ ಬೇರೆ: ನೀರಿಗಿಂತ ಎಣ್ಣೆಯನ್ನು ಮೆಚ್ಚುವ ಸ್ವಭಾವ ಅದರದು. ಅದರ ಒಂದು ಭಾಗ ಕೆಂಪುಕಣಗಳೊಳಗೆ ಸೇರಿಕೊಳ್ಳುತ್ತದೆ; ಕೆಲವು ಬಗೆಯ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ. ಇಡೀ ರಕ್ತವನ್ನು ಅಳೆದರೆ ಒಂದು ಸಂಖ್ಯೆ, ಕಣಗಳನ್ನು ಬೇರ್ಪಡಿಸಿ ಉಳಿದ ದ್ರವವನ್ನು ಅಳೆದರೆ ಇನ್ನೊಂದು ಸಂಖ್ಯೆ ದೊರೆಯಬಹುದು. ಬೇರ್ಪಡಿಸದೆ ರಕ್ತವನ್ನು ಹೆಪ್ಪುಗಟ್ಟಿಸಿದರೆ ಕೆಂಪುಕಣಗಳೇ ಒಡೆಯುತ್ತವೆ. ಆಮೇಲೆ ಯಾವುದು ಎಲ್ಲಿತ್ತೆಂದು ಹೇಳುವುದು ಸಾಧ್ಯವಿಲ್ಲ. ತಂಪು ಒಳ್ಳೆಯದು ನಿಜ. ಆದರೆ ಯಾವ ಹಂತದಲ್ಲಿ ಎಷ್ಟು ತಂಪು ಎಂಬುದನ್ನು ತಿಳಿದು ಇಡಬೇಕು.

ಶಾಖದ ವಿಷಯವಾಗಿ ಇನ್ನೊಂದು ಲೆಕ್ಕ. ಸ್ವೀಡನ್ನಿನ ಸ್ವಾಂಟೆ ಅರ್ರೇನಿಯಸ್ 1889ರಲ್ಲಿ ಶಾಖಕ್ಕೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ಸೂತ್ರದಲ್ಲಿ ಹಿಡಿದಿಟ್ಟ. ಸ್ಥೂಲವಾಗಿ ಹೇಳುವುದಾದರೆ, ಶಾಖ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಶೀತಪೆಟ್ಟಿಗೆಯ 4 ಡಿಗ್ರಿಯಿಂದ ಬಿಸಿಲಿನಲ್ಲಿ ನಿಂತ ಬಸ್ಸಿನ 44 ಡಿಗ್ರಿಗೆ ನಾಲ್ಕು ಮೆಟ್ಟಿಲು. ಎರಡರ ಪಟ್ಟಿನಲ್ಲಿ ಎಣಿಸಿದರೆ 16 ಪಟ್ಟು, ಮೂರರ ಪಟ್ಟಿನಲ್ಲಿ 81 ಪಟ್ಟು. ಶೀತಪೆಟ್ಟಿಗೆಯಲ್ಲಿ ಒಂದು ತಿಂಗಳು ಹಿಡಿಯುವ ನಷ್ಟ ಆ ಬಸ್ಸಿನಲ್ಲಿ ಎರಡು ದಿನಕ್ಕೇ ಆಗಿಹೋಗಬಹುದು. ಅರ್ಧ ದಿನವೂ ಸಾಕಾದೀತು.

ಇಷ್ಟೆಲ್ಲ ಅಳಿದರೂ ಕುರುಹು ಉಳಿಯುವುದಿಲ್ಲವೇ ಎಂದು ತಾವು ಕೇಳಬಹುದು. ಕೆಲವು ಸಲ ಉಳಿಯುತ್ತದೆ. ಕೊಕೇನ್ ಒಡೆದು ಉಂಟಾಗುವ ತುಣುಕುಗಳು ಮೈಯಲ್ಲಿ ಬೇರೆ ಯಾವುದರಿಂದಲೂ ಹುಟ್ಟುವಂಥವಲ್ಲ. ಅವು ಸಿಕ್ಕಿದರೆ ಕೊಕೇನ್ ಇತ್ತೆಂದು ಹೇಳಬಹುದು. ಆದರೆ ಸಕ್ಸಮೆಥೋನಿಯಂ ಎಂಬ ಸ್ನಾಯು ಸಡಿಲಿಸುವ ಔಷಧದ ಕಥೆ ಹಾಗಲ್ಲ. ರಕ್ತದ ಆ ಕಿಣ್ವವೇ ಅದನ್ನು ನಿಮಿಷಗಳಲ್ಲಿ ಕತ್ತರಿಸುತ್ತದೆ. ಕೊನೆಗೆ ಉಳಿಯುವುದು ಸಕ್ಸಿನಿಕ್ ಆಮ್ಲ ಮತ್ತು ಕೋಲೀನ್. ಇವೆರಡೂ ಔಷಧವನ್ನೇ ಕಾಣದ ಮನುಷ್ಯನ ಮೈಯಲ್ಲಿಯೂ ಸಹಜವಾಗಿ ಇರತಕ್ಕವು.

ಇದರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಮೊಕದ್ದಮೆಯೇ ನಡೆಯಿತು. 1965ರ ಆಗಸ್ಟಿನಲ್ಲಿ ಫ್ಲಾರಿಡಾದಲ್ಲಿ ಕಾರ್ಮೆಲಾ ಕೊಪೊಲಿನೊ ಎಂಬ ವೈದ್ಯೆ ತೀರಿಕೊಂಡರು. ಹೃದಯಾಘಾತವೆಂದು ಬರೆದು ಮಣ್ಣುಮಾಡಿದರು. ಅವರ ಗಂಡ ಕಾರ್ಲ್ ಕೊಪೊಲಿನೊ ಅರಿವಳಿಕೆಯ ವೈದ್ಯ. ತಿಂಗಳುಗಳ ಮೇಲೆ ಅನುಮಾನ ಹುಟ್ಟಿ, ಆ ವರ್ಷದ ಕೊನೆಯಲ್ಲಿ ದೇಹವನ್ನು ಹೊರತೆಗೆದು, ನ್ಯೂಯಾರ್ಕಿನ ಮಿಲ್ಟನ್ ಹೆಲ್ಪರ್ನ್ ಪರೀಕ್ಷೆ ನಡೆಸಿದರು. ಚರ್ಮದ ಮೇಲೆ ಸೂಜಿಯ ಗುರುತು ಸಿಕ್ಕಿತು. ರಸಾಯನಜ್ಞ ಜೋಸೆಫ್ ಅಂಬರ್ಗರ್ ಅಂಗಾಂಶಗಳಲ್ಲಿ ಸಕ್ಸಿನಿಕ್ ಆಮ್ಲವನ್ನು ತೋರಿಸಿದರು. ಆ ಆಮ್ಲ ಯಾರ ಮೈಯಲ್ಲಿಲ್ಲ ಎಂದು ಎದುರು ಪಕ್ಷ ವಾದಿಸಿತು. 1967ರಲ್ಲಿ ನ್ಯಾಯದರ್ಶಿಗಳು ಗಂಡನನ್ನು ಅಪರಾಧಿಯೆಂದರು. ಆದರೆ ಆ ರಾಸಾಯನಿಕ ಸಾಕ್ಷ್ಯ ಎಷ್ಟು ಗಟ್ಟಿ ಎಂಬ ವಿವಾದ ತೀರ್ಪಿನೊಡನೆ ಮುಗಿಯಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಒಂದು ಸೂಕ್ಷ್ಮ. ಅಳಿದ ಔಷಧ ಅಪರಾಧಿಯನ್ನು ಬಚ್ಚಿಡಬಲ್ಲದು. ಅದರ ಹೆಸರಿನಲ್ಲಿ ಮೈಯ ಸಹಜ ವಸ್ತು ನಿರಪರಾಧಿಯ ಮೇಲೂ ಸಾಕ್ಷಿ ನುಡಿಯಬಲ್ಲದು.

ನನ್ನ ವೃತ್ತಿಯ ಒಂದು ನೆನಪು ಇಲ್ಲಿ ಬರುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ತಾಳೆಯೋಲೆಯ ಒಂದು ಕಟ್ಟಿನಲ್ಲಿ. ಆ ಗರಿಗಳು ಹುಳ, ತೇವ, ಬಿಸಿಲುಗಳಿಂದ ಪಾರಾಗಿ ಬಂದಿರದಿದ್ದರೆ ಆ ಗ್ರಂಥ ನಮಗೆ ಇನ್ನೆಷ್ಟು ಕಾಲ ಹೆಸರು ಮಾತ್ರವಾಗಿ ಉಳಿಯುತ್ತಿತ್ತೋ. ಗರಿ ಮುರಿದ ಕಡೆ ಗ್ರಂಥಸಂಪಾದಕನು ‘ತ್ರುಟಿತ’ ಎಂದು ಗುರುತು ಹಾಕುತ್ತಾನೆ. ‘ಇಲ್ಲಿ ಕವಿ ಏನನ್ನೂ ಬರೆಯಲಿಲ್ಲ’ ಎಂದು ಬರೆಯುವುದಿಲ್ಲ. ಓಲೆಯ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಕಲಿಸಿದ ಈ ವಿವೇಕವನ್ನು ಒಂದು ರಕ್ತದ ವರದಿಯ ಮುಂದೆ ನಾನು ಮರೆತಿದ್ದೆ.

‘ಕಂಡುಬಂದಿಲ್ಲ’ ಎಂಬುದು ನೋಡಿದವನನ್ನು ಕುರಿತ ಮಾತು. ‘ಇರಲಿಲ್ಲ’ ಎಂಬುದು ವಸ್ತುವನ್ನು ಕುರಿತ ಮಾತು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಬೇಕಾದರೆ ನಡುವೆ ಒಂದು ಸೇತುವೆ ಬೇಕು. ಮಾದರಿಯನ್ನು ಹೇಗೆ ಕಾಪಾಡಿದರು ಎಂಬ ದಾಖಲೆಯೇ ಆ ಸೇತುವೆ. ಯಾವ ಹೊತ್ತಿಗೆ ತೆಗೆದದ್ದು, ಯಾವ ಸೀಸೆ, ಎಷ್ಟು ತುಂಬಿತ್ತು, ಏನು ಬೆರೆಸಿದರು, ಎಷ್ಟು ಡಿಗ್ರಿಯಲ್ಲಿ ಎಷ್ಟು ದಿನ ಇಟ್ಟರು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಎಷ್ಟು ಸಲ ತೆರೆದರು ಎಂಬಿಷ್ಟನ್ನು ಚೀಟಿಯಲ್ಲಿ ಬರೆದಿದ್ದರೆ, ‘ಕಂಡುಬಂದಿಲ್ಲ’ ಎಂಬ ಮಾತಿಗೆ ಬೆಲೆಯುಂಟು. ಕಂಠದವರೆಗೆ ತುಂಬಿದ ಸೀಸೆ, ಭದ್ರವಾದ ಮುಚ್ಚಳ, ಔಷಧಕ್ಕೆ ತಕ್ಕ ರಕ್ಷಕದ್ರವ್ಯ, ಕತ್ತಲೆ, 4 ಡಿಗ್ರಿಯ ತಂಪು, ಬಹುಕಾಲ ಇಡಬೇಕಾದರೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೀತ: ಇವು ಯಾವುವೂ ದೊಡ್ಡ ವೆಚ್ಚದ ಮಾತುಗಳಲ್ಲ. ಮಂಜುಗಡ್ಡೆ ತುಂಬಿದ ಒಂದು ಪೆಟ್ಟಿಗೆ, ಒಂದು ಚಿಟಿಕೆ ಪುಡಿ, ಒಂದು ಚೀಟಿ. ಲಸಿಕೆಯ ಸೀಸೆಗಳನ್ನು ಹಳ್ಳಿ ಹಳ್ಳಿಗೆ ತಂಪಿನ ಪೆಟ್ಟಿಗೆಯಲ್ಲಿ ಮುಟ್ಟಿಸುವುದನ್ನು ನಾವು ಕಲಿತಿದ್ದೇವೆ. ಸತ್ತವರ ಸಾಕ್ಷ್ಯಕ್ಕೂ ಅದೇ ಪೆಟ್ಟಿಗೆ ಸಾಕು.

ಈ ಎಲ್ಲವನ್ನೂ ತಿಳಿದುಕೊಂಡ ಮೇಲೆ ನಾನು ತಮ್ಮನ ಊರಿಗೆ ಹೋದೆ. ಜಗಲಿಯ ಮೇಲೆ ಕುಳಿತು, ಅಂದು ನಾನು ತಪ್ಪು ಹೇಳಿದೆನೆಂದೂ, ಆ ವರದಿ ವೈದ್ಯರ ಬರಹವನ್ನು ಸುಳ್ಳೆನ್ನುವುದಿಲ್ಲವೆಂದೂ, ನಿಜವೆಂದೂ ಎತ್ತಿಹಿಡಿಯುವುದಿಲ್ಲವೆಂದೂ ನಿಧಾನವಾಗಿ ಹೇಳಿದೆ. ಔಷಧ ಹೆಚ್ಚಾಯಿತೇ, ಕಡಮೆಯಾಯಿತೇ, ಸರಿಯಾಗಿಯೇ ಇತ್ತೇ ಎಂಬುದನ್ನು ಆ ಸೀಸೆ ಹೇಳಬಹುದಾಗಿತ್ತು. ಇನ್ನು ಹೇಳಲಾರದು ಎಂದೆ. ತಮ್ಮ ಸಿಟ್ಟಾಗಲಿಲ್ಲ. “ಹಾಗಾದರೆ ನಾನು ಒಂದೂವರೆ ವರ್ಷ ಬೈದದ್ದು ಯಾರನ್ನು, ಅಣ್ಣಾ?” ಎಂದು ಕೇಳಿದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಳಗಿನಿಂದ ಅವನ ಹೆಂಡತಿ ಎರಡು ಲೋಟ ಕಾಫಿ ತಂದಿಟ್ಟು, ಅಲ್ಲಿಯೇ ಕಂಬಕ್ಕೆ ಒರಗಿ ನಿಂತರು. ತಮ್ಮ ವರದಿಯ ಹಾಳೆಯನ್ನು ಇನ್ನೊಮ್ಮೆ ನನ್ನ ಕೈಗೆ ಕೊಟ್ಟು, “ಇವಳಿಗೂ ಸರಿಯಾಗಿ ಓದಿ ಹೇಳು” ಎಂದ. ಈ ಸಲ ನಾನು ಒಂದೊಂದೇ ಮಾತನ್ನು ತೂಗಿ ಕನ್ನಡಕ್ಕೆ ತಂದೆ.